ಆರೂ ಇಪ್ಪತ್ತೈದರ ರಕ್ತ

ಸ್ಪಿರಿಟ್ ವಾಸನೆಗೆ ನನ್ನ ಮೂಗು ಎಂದೋ ಸತ್ತುಹೋಗಿದೆ. ಹದಿಮೂರು ವರ್ಷದಿಂದ ದಿನವೂ ಅದರಲ್ಲೇ ಕೈ ಅದ್ದುವವಳಿಗೆ ಅದು ವಾಸನೆಯೇ ಅಲ್ಲ. ಆದರೆ ಕಳೆದ ವಾರ, ನಾನು ಕೆಲಸ ಮಾಡುವ ಬಾಂದ್ರಾದ ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಅದರ ಜೊತೆಗೆ ಇನ್ನೊಂದು ವಾಸನೆ ಮೂಗಿಗೆ ಹೊಡೆಯಿತು. ನೋವಿನೆಣ್ಣೆ, ಮತ್ತು ಇನ್ನೂ ನೀರು ಕಾಣದ ಹೊಸ ಪರದೆ ಬಟ್ಟೆಯ ಗಂಜಿ. ಮುಖ ನೋಡುವ ಮೊದಲೇ ಮಂಚದ ಮೇಲೆ ಯಾರಿದ್ದಾರೆಂದು ಗೊತ್ತಾಯಿತು. ನನ್ನ ಅಕ್ಕನ ಗಂಡ. ಎಂಟು ವರ್ಷದ ಮೇಲಾಯಿತು, ನನ್ನೊಡನೆ ಒಂದು ಮಾತೂ ಆಡದ ಮನುಷ್ಯ. ನಾನೂ ಆಡಿರಲಿಲ್ಲ. ಆಡಬೇಕೆಂಬ ಆಸೆಯೂ ನನಗಿರಲಿಲ್ಲ.

ಅವನನ್ನು ನಾವು ಮಾಮಾ ಅನ್ನುತ್ತೇವೆ. ಹಿರಿಯ, ಬಹುವಚನ ಹಚ್ಚು ಎಂದು ಅಕ್ಕ ಈಗಲೂ ಹೇಳುತ್ತಾಳೆ. ಎದುರಿಗಿದ್ದಾಗ ಹಚ್ಚುತ್ತೇನೆ, ಇಲ್ಲಿ ಬರೆಯುವಾಗ ಹಚ್ಚುವುದಿಲ್ಲ. ಇದು ನನ್ನ ಬರಹ.

ಎಂಟು ವರ್ಷದ ಹಿಂದೆ ನಾವು ಮೂವರೂ ಒಟ್ಟಿಗಿದ್ದ ಜೋಗೇಶ್ವರಿಯ ಆ ಅಕ್ಟೋಬರ್ ತಿಂಗಳನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮುಂಬೈಗೆ ಹೊರಗಿನಿಂದ ಬಂದವರು ಮಳೆಗಾಲವನ್ನು ಬೈಯುತ್ತಾರೆ. ನನ್ನ ಬೈಗುಳವೆಲ್ಲ ಅಕ್ಟೋಬರ್‌ಗೆ. ಮಳೆ ಹೋಗಿರುತ್ತದೆ, ಚಳಿ ಬಂದಿರುವುದಿಲ್ಲ, ಗಾಳಿ ಎಂಬುದು ಸತ್ತಿರುತ್ತದೆ. ನಾವಿದ್ದ ಚಾಳಿನ ಕೆಳಗೆ ಸ್ಕ್ರೂ ಕಡೆಯುವ ಎರಡು ಸಣ್ಣ ಕಾರ್ಖಾನೆಗಳಿದ್ದವು. ಅವುಗಳ ಮಶೀನಿನ ಬಿಸಿಯೂ ಎಣ್ಣೆಯ ನಾತವೂ ನೇರ ನಮ್ಮ ಖೋಲಿಗೆ ಏರುತ್ತಿದ್ದವು. ಖೋಲಿಯೆಂದರೆ ಒಂದೇ ಕೋಣೆ; ಮೂಲೆಯಲ್ಲಿ ಪಾತ್ರೆ ತೊಳೆಯುವುದಕ್ಕೂ ಸ್ನಾನಕ್ಕೂ ಒಂದು ಮೋರಿ. ಮಾಮಾ ಬಾಂದ್ರಾದ ಪರದೆ ಬಟ್ಟೆಯ ಅಂಗಡಿಯಲ್ಲಿ ಇಪ್ಪತ್ತು ವರ್ಷದಿಂದ ಸೇಲ್ಸ್‌ಮನ್. ಅಂಗಡಿಯಿಂದ ಒಂದು ದಪ್ಪ ಕಂದು ಪರದೆ ತಂದು ಕೋಣೆಯ ನಡುವೆ ಕಟ್ಟಿದ್ದ. ಪರದೆಯ ಈಚೆ, ಮೋರಿಯ ಪಕ್ಕದಲ್ಲಿ ನನ್ನ ಚಾಪೆ. ಆಚೆ ಫ್ಯಾನು, ಕಿಟಕಿ, ಅಕ್ಕ ಮತ್ತು ಅವನು.

ಒಂದು ವಿಷಯ ಮುಚ್ಚಿಡುವುದಿಲ್ಲ. ವಿಜಯಪುರದಿಂದ ನನ್ನನ್ನು ಕರೆಸಿಕೊಂಡು, ಲ್ಯಾಬ್ ಡಿಪ್ಲೊಮಾಕ್ಕೆ ಸೇರಿಸಿದವನು ಅವನೇ. ಸೇರಿಸುವಾಗ, ಓದಿ ಮುಗಿಸಿ ತಾನು ತೋರಿಸಿದವನನ್ನು ಮದುವೆಯಾಗುತ್ತಾಳೆ ಎಂದು ಲೆಕ್ಕ ಹಾಕಿಕೊಂಡಿದ್ದ. ಆ ಲೆಕ್ಕ ನನಗೆ ಯಾರೂ ಹೇಳಿರಲಿಲ್ಲ. ನಾನು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ, ಒಂದು ಮಾರ್ಚಿನ ಭಾನುವಾರ, ಅವನ ದೊಡ್ಡಪ್ಪನ ಮಗ ತಾಯಿಯನ್ನು ಕರೆದುಕೊಂಡು ಬಂದು ನಮ್ಮ ಖೋಲಿಯಲ್ಲಿ ಕೂತಿದ್ದ. ಮಾಮಾ ಅವರಿಗೆ ಆಗಲೇ ಮಾತು ಕೊಟ್ಟಾಗಿತ್ತು. ನಾನು ಹೋಮ್ ಕಲೆಕ್ಷನ್ ಮುಗಿಸಿ, ಹೆಗಲಿಗೆ ಡಬ್ಬಿ ಹಾಕಿಕೊಂಡು, ಬೆವರುತ್ತ ಒಳಗೆ ಬಂದೆ.

"ಏನ್ ಕೆಲಸಾ ಮಾಡ್ತೀವಾ?" ಎಂದು ಹುಡುಗನ ತಾಯಿ ಕೇಳಿದರು.

"ರಕ್ತ ತಗೀತೀನ್ರಿ. ಉಚ್ಚಿ, ಹೇಲು, ಕಫಾ ಎಲ್ಲಾ ನೋಡ್ತೀನಿ. ಈ ಡಬ್ಬ್ಯಾಗ ಈಗ ಹನ್ನೊಂದು ಮಂದೀದು ಅದ," ಎಂದೆ.

ಆಕೆ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. ಬೇಕೆಂದೇ ಹೇಳಿದ್ದೆ. ಅದರ ಮೇಲೆ, ನನಗೆ ಈ ಸಂಬಂಧ ಬೇಡ, ನನ್ನನ್ನು ಯಾರೂ ಕೇಳಿಲ್ಲ ಎಂದೂ ಅವರ ಮುಖದೆದುರೇ ಹೇಳಿದೆ. ಅವರು ಹೋದ ಮೇಲೆ ಮಾಮಾ ಕೂಗಾಡಲಿಲ್ಲ. ಅಕ್ಕನ ಕಡೆ ತಿರುಗಿ, "ಇನ್ನ ಮ್ಯಾಲ ಆಕೀಗಿ ಏನ ಹೇಳೂದಿದ್ರೂ ನೀನಽ ಹೇಳು," ಎಂದ. ಅಷ್ಟೇ. ಮಾತು ಬಿಟ್ಟ.

ಮಾತು ಬಿಡುವುದು ನಮ್ಮ ಕಡೆ ಸಾಮಾನ್ಯ. ಜಗಳವಾಡಿ ಮುಗಿಸುವುದು ಬೇರೆ, ಮಾತು ಬಿಡುವುದು ಬೇರೆ. ಅದಕ್ಕೆ ಕಟ್ಟಳೆಗಳಿವೆ. ಮಾತು ಬಿಟ್ಟವರು ಒಂದೇ ಕೋಣೆಯಲ್ಲಿ ಇರಬಹುದು, ಒಂದೇ ಒಲೆಯ ರೊಟ್ಟಿ ತಿನ್ನಬಹುದು. ಏನಾದರೂ ತಿಳಿಸುವುದಿದ್ದರೆ ನಡುವೆ ಒಬ್ಬರು ಬೇಕು. ನಮ್ಮ ನಡುವೆ ಅಕ್ಕ ಇದ್ದಳು. ಮೂವರೂ ಕೈಚಾಚಿದರೆ ಮುಟ್ಟುವಷ್ಟು ಹತ್ತಿರ ಕೂತಿರುತ್ತಿದ್ದೆವು.

"ನಾಳೆ ನೀರು ಐದಕ್ಕ ಬರ್ತದ ಅಂತ ಹೇಳು ಆಕೀಗಿ."

"ನೀರು ಐದಕ್ಕ ಬರ್ತದಂತವಾ."

"ಗೊತ್ತಾತು ಅಂತ ಹೇಳು."

"ಗೊತ್ತಾತಂತ್ರಿ."

ಅಕ್ಕನ ಬಾಯಿಂದ ಬರದ ಮಾತು, ಆಡಿದ ಮಾತಲ್ಲ. ಇದು ಕಟ್ಟಳೆ. ಜುಲೈಯಲ್ಲಿ ಒಮ್ಮೆ ಅಕ್ಕ ಬಜಾರಿಗೆ ಹೋಗಿದ್ದಾಗ, ಮೊಳೆಗೆ ತೂಗಿದ್ದ ಛತ್ರಿ ಹರಿದಿದೆ ಎಂದು ಮಾಮಾ ಗೋಡೆಯ ಕಡೆ ಮುಖ ಮಾಡಿ ಹೇಳಿದ. ನಾನು ಕೇಳಿಸಿಕೊಂಡೆ. ಆದರೂ ಅದೇ ಛತ್ರಿ ತೆಗೆದುಕೊಂಡು ಹೋಗಿ ಸ್ಟೇಷನ್ ತನಕ ತೊಯ್ದು ತೊಪ್ಪೆಯಾದೆ. ನನಗೆ ಹೇಳಿರಲಿಲ್ಲವಲ್ಲ. ಇಬ್ಬರಲ್ಲಿ ಯಾರೂ ಕಡಿಮೆಯಿರಲಿಲ್ಲ ಎಂಬುದಕ್ಕೆ ಇದನ್ನು ಬರೆದೆ.

ಇನ್ನು ನನ್ನ ಲ್ಯಾಬು. ಸ್ಟೇಷನ್ ರಸ್ತೆಯ ಒಂದು ಬಿಲ್ಡಿಂಗಿನ ಮೊದಲ ಮಹಡಿಯಲ್ಲಿತ್ತು. ಮಾಲೀಕರು ಧಾರವಾಡದ ಕಡೆಯವರು, ನಾವೆಲ್ಲ ಸರ್ ಅನ್ನುತ್ತಿದ್ದೆವು. ಬಾಗಿಲಿಗೆ ದೊಡ್ಡ ಬೋರ್ಡು: ಒಂದು ತಾಸಿನಲ್ಲಿ ರಿಪೋರ್ಟ್. ಶುದ್ಧ ಸುಳ್ಳು. ಬೆಳಿಗ್ಗೆ ಆರೂವರೆಯಿಂದ ಮನೆಮನೆಗೆ ಹೋಗಿ ತೆಗೆದ ರಕ್ತ ಲ್ಯಾಬು ಮುಟ್ಟುವಾಗ ಹತ್ತಾಗುತ್ತಿತ್ತು, ಮಶೀನಿಗೆ ಏರುವಾಗ ಹನ್ನೆರಡು. ಆ ಸುಳ್ಳನ್ನು ನಿಜ ಮಾಡುವುದಕ್ಕೆ ಸರ್ ಒಂದು ಉಪಾಯ ಮಾಡಿದ್ದರು. ಟ್ಯೂಬಿಗೆ ಅಂಟಿಸುವ ಬಾರ್‌ಕೋಡ್ ಸ್ಟಿಕರ್ ರೋಗಿಯ ಮನೆಯಲ್ಲಿ ಅಂಟಿಸುವಂತಿಲ್ಲ. ಅಲ್ಲಿ ಬರೀ ಹೆಸರು ಬರೆಯಬೇಕು. ಸ್ಟಿಕರ್ ಲ್ಯಾಬಿನಲ್ಲಿ, ಮಶೀನಿಗೆ ಹಾಕುವ ಮುಂಚೆ. ಸ್ಟಿಕರ್ ಹೊರಬಂದ ಹೊತ್ತನ್ನೇ ಕಂಪ್ಯೂಟರು 'ರಕ್ತ ತೆಗೆದ ಸಮಯ' ಎಂಬ ಖಾನೆಗೆ ತುಂಬಿಕೊಳ್ಳುತ್ತಿತ್ತು. ರಿಪೋರ್ಟ್ ನೋಡಿದವರಿಗೆ, ಹನ್ನೆರಡಕ್ಕೆ ರಕ್ತ ತೆಗೆದು ಒಂದರೊಳಗೆ ಉತ್ತರ ಕೊಟ್ಟಿದ್ದಾರೆ, ಭಲೇ ಅನ್ನಿಸಬೇಕು.

ಸಕ್ಕರೆ, ಥೈರಾಯ್ಡ್, ಕೊಲೆಸ್ಟರಾಲ್ ಇವುಗಳಿಗೆ ಈ ಸುಳ್ಳಿನಿಂದ ಯಾರ ಪ್ರಾಣವೂ ಹೋಗುತ್ತಿರಲಿಲ್ಲ. ಟ್ರೋಪೊನಿನ್ ಬೇರೆ. ಹೃದಯದ ಸ್ನಾಯುವಿನೊಳಗೆ ಇರುವ ಒಂದು ಪ್ರೋಟೀನು ಅದು. ರಕ್ತನಾಳ ಕಟ್ಟಿ ಸ್ನಾಯು ಸಾಯಲು ಶುರುವಾದಾಗ ಮಾತ್ರ ಹೆಚ್ಚಾಗಿ ರಕ್ತಕ್ಕೆ ಸೋರುತ್ತದೆ. ಅದು ರಕ್ತದಲ್ಲಿ ಏರಿದರೆ ಹೃದಯಕ್ಕೆ ಏಟು ಬಿದ್ದಿದೆ ಎಂದು ಅರ್ಥ. ಆದರೆ ಸಾಯುತ್ತಿರುವ ಸ್ನಾಯು ತಕ್ಷಣ ದೂರು ಕೊಡುವುದಿಲ್ಲ. ನಮ್ಮಲ್ಲಿದ್ದ ಹಳೆಯ ಕಿಟ್ಟಿಗೆ ಅದು ಕಾಣಿಸಬೇಕಾದರೆ ಮೂರು ನಾಲ್ಕು ತಾಸು ಬೇಕಿತ್ತು. ನೋವು ಬಂದ ಅರ್ಧ ತಾಸಿಗೆ ತೆಗೆದ ರಕ್ತ, ನಾಲ್ಕು ಹೆಜ್ಜೆಗೆ ಹೃದಯ ನಿಲ್ಲುವವನದಾದರೂ, ಏನೂ ಆಗಿಲ್ಲ ಎಂದೇ ಹೇಳುತ್ತದೆ. ಅದಕ್ಕೇ ಒಮ್ಮೆ ತೆಗೆದು ಬಿಡುವಂತಿಲ್ಲ, ಕೆಲವು ತಾಸಿನ ಮೇಲೆ ಮತ್ತೊಮ್ಮೆ ತೆಗೆಯಬೇಕು. ಕಿಟ್ಟಿನ ಜೊತೆ ಬರುವ ಕಾಗದದಲ್ಲೇ ಇದು ಅಚ್ಚಾಗಿರುತ್ತದೆ. ನಾನು ಓದಿದ್ದೆ.

ಆ ಅಕ್ಟೋಬರಿನ ಒಂದು ದಿನ ಬೆಳಿಗ್ಗೆ ಆರೂ ಕಾಲಿಗೆ ನಾನು ಡಬ್ಬಿಯಲ್ಲಿ ಸೂಜಿ, ಟ್ಯೂಬು ಜೋಡಿಸುತ್ತಿದ್ದೆ. ಅಕ್ಕ ಪರದೆ ಸರಿಸಿ ಬಂದಳು. ಮುಖ ಬಿಳಚಿತ್ತು.

"ಸವಿ, ಇವರಿಗಿ ಎದಿ ಹಿಡದದಂತ. ಆರಕ್ಕ ಎದ್ದಾಗಿಂದ. ಬೆವರು ನೋಡು ಹೆಂಗ ಬಿಟ್ಟಾವ."

ಆ ಸೆಖೆಯಲ್ಲಿ ಯಾರಿಗೆ ಬೆವರಿರಲಿಲ್ಲ? ಆದರೂ ಎದ್ದು ನೋಡಿದೆ. ಮಾಮಾ ಗೋಡೆಗೆ ಒರಗಿ ಕೂತು ಎದೆಯ ನಡುವೆ ನೋವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದ.

"ಈಗಿಂದೀಗ ದವಾಖಾನಿಗಿ ಹೋಗ್ಬೇಕು ಅಂತ ಹೇಳು," ಎಂದೆ.

"ದವಾಖಾನಿಗಿ ಹೋಗ್ಬೇಕಂತ್ರಿ."

"ನಿನ್ನಿ ವಡಾಪಾವ್ ತಿಂದಿದ್ದೆ, ಗ್ಯಾಸ್ ಆಗ್ಯದ. ದವಾಖಾನಿ ಗಿವಾಖಾನಿ ಬ್ಯಾಡ. ಅಷ್ಟು ಅಂಜಿಕಿ ಇದ್ರ ರಕ್ತ ತಗೊಂಡು ನೋಡು ಅಂತ ಹೇಳು ಆಕೀಗಿ. ಏನರ ಬಂದ್ರ ಹೋಗೂಣು."

"ಎದಿ ನೋವಿಗಿ ಮನ್ಯಾಗ ರಕ್ತ ತಗೊಂಡು ಕುಂದ್ರೂದಲ್ಲ ಅಂತ ಹೇಳು."

"ತಗೋತಾಳೋ ಇಲ್ಲೋ ಕೇಳು."

ಅಕ್ಕ ನಡುವೆ ನಿಂತು ಎರಡೂ ಕಡೆ ನೋಡಿದಳು. ಕಣ್ಣಲ್ಲಿ ನೀರಿತ್ತು. "ತಗೋ ನನ್ನವ್ವಾ. ನಿನ್ನ ಕೈಯಾಗರ ಗೊತ್ತಾಗ್ಲಿ," ಎಂದಳು.

ಏಳು ತಿಂಗಳಲ್ಲಿ ಮೊದಲ ಸಲ ನಾನು ಅವನನ್ನು ಮುಟ್ಟಿದೆ. ಅವನು ತೋಳು ಚಾಚಿ, ಮುಖ ಕಿಟಕಿಯ ಕಡೆ ತಿರುಗಿಸಿದ. ತೋಳಿಗೆ ಪಟ್ಟಿ ಕಟ್ಟುವಾಗ ಬೇಕಾದ್ದಕ್ಕಿಂತ ಒಂದು ಎಳೆ ಹೆಚ್ಚೇ ಬಿಗಿದೆ. ಅವನು ಹುಬ್ಬು ಸಹ ಅಲುಗಿಸಲಿಲ್ಲ. ಒಂದೇ ಚುಚ್ಚಿಗೆ ರಕ್ತ ಬಂತು. ಗಡಿಯಾರ ನೋಡಿದೆ, ಆರೂ ಇಪ್ಪತ್ತೈದು. ಟ್ಯೂಬಿನ ಮೇಲೆ ಹೆಸರು ಬರೆದೆ. ಸಮಯ ಬರೆಯಲಿಲ್ಲ, ಬರೆಯುವ ರೂಢಿಯೇ ನಮ್ಮ ಲ್ಯಾಬಿನಲ್ಲಿರಲಿಲ್ಲ.

ಡಬ್ಬಿ ಹೆಗಲಿಗೆ ಹಾಕಿಕೊಂಡು ಹೇಳಿದೆ: "ನೋವು ಸುರು ಆಗಿ ಅರ್ಧಾ ತಾಸಽ ಆಗ್ಯದ. ಈ ರಕ್ತದಾಗ ಏನೂ ತೋರ್ಸಂಗಿಲ್ಲ. ಹತ್ತಕ್ಕ ಲ್ಯಾಬಿಗಿ ಬಂದು ಮತ್ತೊಮ್ಮಿ ಕೊಡಬೇಕು ಅಂತ ಹೇಳು."

ಹೇಳಿ ಹೊರಟೆ. ಈ ಮಾತನ್ನು ನಾನು ಆಡಿದ್ದು ನಿಜ. ಎಂಟು ವರ್ಷ ಇದನ್ನೇ ಹಿಡಿದುಕೊಂಡು ಬದುಕಿದ್ದೇನೆ.

ಹತ್ತಕ್ಕೆ ಅವನು ಲ್ಯಾಬಿಗೆ ಬರಲಿಲ್ಲ. ಹನ್ನೊಂದಕ್ಕೂ ಇಲ್ಲ. ನೋವು ಹೋಗಿರಬೇಕು, ಅಥವಾ ನನ್ನ ಮುಂದೆ ಇನ್ನೊಮ್ಮೆ ತೋಳು ಚಾಚಲು ಮನಸ್ಸಿಲ್ಲದಿರಬೇಕು, ಅವನ ಹಣೆಬರಹ ಎಂದುಕೊಂಡೆ. ಇದನ್ನು ಮನಸ್ಸಿನಲ್ಲಿ ಅಂದುಕೊಂಡಾಗ ನನಗೊಂದು ಸಣ್ಣ ಖುಷಿಯೂ ಆಗಿತ್ತು. ಹನ್ನೆರಡು ಗಂಟೆ ಆರು ನಿಮಿಷಕ್ಕೆ ಸ್ಟಿಕರ್ ತೆಗೆದು ಅಂಟಿಸಿ ಟ್ಯೂಬು ಮಶೀನಿಗೆ ಇಟ್ಟೆ. ಸ್ವಲ್ಪ ಹೊತ್ತಿನಲ್ಲಿ ಟ್ರೋಪೊನಿನ್ ಉತ್ತರ ಬಂತು: ನೆಗೆಟಿವ್. ಮೇಲೆ, ರಕ್ತ ತೆಗೆದ ಸಮಯ ಹನ್ನೆರಡೂ ಆರು. ದಿನವೂ ನೋಡುವ ಸುಳ್ಳಾದ್ದರಿಂದ ಕಣ್ಣಿಗೆ ಚುಚ್ಚಲಿಲ್ಲ. ಕೆಳಗೆ ಷರಾ ಬರೆಯಲು ಒಂದು ಖಾನೆ ಇತ್ತು. ಆರೂ ಇಪ್ಪತ್ತೈದರ ರಕ್ತ, ಮತ್ತೆ ತೆಗೆಯಿರಿ ಎಂದು ಬರೆಯಬಹುದಿತ್ತು. ಅಕ್ಕನಿಗೆ ಒಂದು ಫೋನ್ ಮಾಡಬಹುದಿತ್ತು. ಬೆಳಿಗ್ಗೆ ಹೇಳಿದ್ದಾಗಿದೆ, ಇನ್ನೆಷ್ಟು ಸಲ ಹೇಳಬೇಕು ಎಂಬ ಸಿಟ್ಟಿನಲ್ಲಿ ಎರಡನ್ನೂ ಮಾಡಲಿಲ್ಲ. ರಿಪೋರ್ಟು ತಾನಾಗಿ ಅವನ ಮೊಬೈಲಿಗೆ ಹೋಯಿತು.

ಅವನು ಮನೆಯಲ್ಲಿದ್ದಾನೆ ಎಂದು ನಾನು ಅಂದುಕೊಂಡಿದ್ದೆ. ಅವನು ಎಂಟೂವರೆಯ ಲೋಕಲ್ ಹಿಡಿದು, ಆ ನೂಕುನುಗ್ಗಲಿನಲ್ಲಿ ನಿಂತುಕೊಂಡೇ ಬಾಂದ್ರಾ ಮುಟ್ಟಿ ಅಂಗಡಿಯ ಶಟರ್ ಎತ್ತಿದ್ದ. ಒಂದು ಗಂಟೆಯ ಸುಮಾರಿಗೆ ಮತ್ತೆ ಎದೆ ಹಿಡಿದಾಗ ಅಂಗಡಿಯ ಮಾಲೀಕ ಅದೇ ಗಲ್ಲಿಯ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದ. ಡಾಕ್ಟರು ಇಸಿಜಿ ತೆಗೆದರು, ಅದರಲ್ಲಿ ದೊಡ್ಡದೇನೂ ಕಾಣಲಿಲ್ಲ. ಮೊಬೈಲಿನಲ್ಲಿ ನಮ್ಮ ರಿಪೋರ್ಟ್ ನೋಡಿದರು.

"ದರ್ದ್ ಕಬ್ ಶುರೂ ಹುವಾ?"

"ಸುಬಹ್ ಛೇ ಬಜೇ."

ನೋವು ಬೆಳಿಗ್ಗೆ ಆರಕ್ಕೆ, ರಕ್ತ ಮಧ್ಯಾಹ್ನ ಹನ್ನೆರಡಕ್ಕೆ. ಆರು ತಾಸು ಕಳೆದ ರಕ್ತದಲ್ಲಿ ಏನೂ ಇಲ್ಲವೆಂದರೆ ಹೃದಯಕ್ಕೆ ಏನೂ ಆಗಿಲ್ಲ. ಡಾಕ್ಟರು ಲೆಕ್ಕ ಸರಿಯಾಗಿಯೇ ಮಾಡಿದರು. ಆಸಿಡಿಟಿ ಎಂದು ಒಂದು ಗುಳಿಗೆ, ಒಂದು ಬಾಟಲಿ ಕೊಟ್ಟು ಕಳಿಸಿದರು. ಆ ಡಾಕ್ಟರ ಮೇಲೆ ನನಗೆ ಕೋಪವಿಲ್ಲ. ಬರೆದದ್ದನ್ನು ಓದಿದರು. ರಕ್ತ ತೆಗೆದದ್ದು ಆರೂ ಇಪ್ಪತ್ತೈದಕ್ಕೆ ಎಂದು ಮಾಮಾ ಹೇಳಲಿಲ್ಲ. ಅವರು ಕೇಳಲಿಲ್ಲ, ಕೇಳುವ ಕಾರಣವೂ ಅವರಿಗಿರಲಿಲ್ಲ.

ನಾಲ್ಕೂವರೆಗೆ ಮಾಮಾ ಗಿರಾಕಿಗೆ ತೋರಿಸಲು ಏಣಿ ಹತ್ತಿ ಬಟ್ಟೆಯ ಥಾನು ಎಳೆಯುತ್ತಿದ್ದವನು, ಥಾನಿನ ಸಮೇತ ಕೆಳಗೆ ಬಿದ್ದ. ಹತ್ತಿರದ ಆಸ್ಪತ್ರೆಗೆ ಒಯ್ದರು. ಅಲ್ಲಿ ತೆಗೆದ ರಕ್ತದಲ್ಲಿ ಟ್ರೋಪೊನಿನ್ ಮಿತಿ ದಾಟಿ ಎಲ್ಲೋ ಹೋಗಿತ್ತು. ನಾನು ಹೋಗುವಷ್ಟರಲ್ಲಿ ಅವನನ್ನು ಒಳಗೆ ತೆಗೆದುಕೊಂಡಿದ್ದರು. ಹೊರಗೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬಳು ಮಾಮಾನ ಮೊಬೈಲು ಹಿಡಿದುಕೊಂಡು ನಿಂತಿದ್ದಳು.

"ಯೇ ಸ್ಯಾಂಪಲ್ ಬಾರಾ ಬಜೇ ಕಾ ಹೈ?" ಎಂದು ಕೇಳಿದಳು. ಹನ್ನೆರಡಕ್ಕೆ ಇಷ್ಟು ತಿಳಿಯಾದ ರಕ್ತ, ಐದಕ್ಕೆ ಇಷ್ಟೊಂದು ಏರಿದೆ, ಅವಳಿಗೆ ತಾಳೆಯಾಗುತ್ತಿರಲಿಲ್ಲ.

"ನಹೀ, ಸುಬಹ್ ಛೇ ಪಚ್ಚೀಸ್ ಕಾ. ಮೈನೇ ನಿಕಾಲಾ," ಎಂದೆ. ಬೆಳಿಗ್ಗೆ ಆರೂ ಇಪ್ಪತ್ತೈದರದ್ದು, ತೆಗೆದವಳು ನಾನೇ.

ಅವಳು ಬೈಯಲಿಲ್ಲ. ಮೊಬೈಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಆ ಅವಕಾಶವನ್ನೂ ಅವಳು ಕೊಡಲಿಲ್ಲ.

ಮಾಮಾ ಸಾಯಲಿಲ್ಲ. ಮುಚ್ಚಿದ್ದ ನಾಳ ತೆರೆದು ಸ್ಟೆಂಟ್ ಹಾಕಿದರು. ಆದರೆ ಅಷ್ಟರಲ್ಲಿ ಹೃದಯದ ಮುಂದಿನ ಗೋಡೆಯ ದೊಡ್ಡ ಭಾಗ ಸತ್ತುಹೋಗಿತ್ತು, ಅದು ಮತ್ತೆ ಹುಟ್ಟುವಂಥದ್ದಲ್ಲ. ಇಪ್ಪತ್ತು ವರ್ಷ ಏಣಿ ಹತ್ತಿ ಇಳಿದವನು ನಮ್ಮ ಚಾಳಿನ ಹದಿನಾರು ಮೆಟ್ಟಿಲಿಗೆ ಎರಡು ಕಡೆ ಕೂರುವಂತಾದ. ಅಂಗಡಿಯಲ್ಲಿ ಬಾಗಿಲ ಬಳಿ ಒಂದು ಸ್ಟೂಲು ಹಾಕಿಕೊಟ್ಟರು. ಬಂದವರಿಗೆ ಬನ್ನಿ ಅನ್ನುವುದಷ್ಟೇ ಕೆಲಸ.

ಮನೆಗೆ ಬಂದ ಎರಡನೆಯ ದಿನ ಅಕ್ಕ ನನ್ನ ಮೇಲೆ ಏರಿ ಬಂದಳು. "ಮನಿ ಮಗಳು, ಮನ್ಯಾಗ ಕುಂತು ರಕ್ತ ತಗೊಂಡಿ. ಅವರು ಸಾಯ್ಲಿ ಅಂತ ಬಿಟ್ಟಿಯೇನು?"

"ಹತ್ತಕ್ಕ ಮತ್ತ ಬರ್ರಿ ಅಂತ ನಾ ಹೇಳೀನಿ."

ಪರದೆಯ ಆಚೆಯಿಂದ ಮಾಮಾನ ಧ್ವನಿ ಬಂತು, ಸಣ್ಣದಾಗಿ. "ನನಗ ಯಾರೂ ಹೇಳಿಲ್ಲ ಅಂತ ಹೇಳು."

"ನನ್ನ ಮುಂದೂ ಹೇಳಿಲ್ಲ," ಎಂದಳು ಅಕ್ಕ.

ಲ್ಯಾಬಿಗೆ ಹೋಗಿ ಸರ್ ಅವರ ಕ್ಯಾಬಿನ್ ಬಾಗಿಲು ತಳ್ಳಿ ನಿಂತೆ. ಯಾರ ಮೇಲಾದರೂ ಬೀಳಬೇಕಿತ್ತು. ಅವರು ಶಾಂತವಾಗಿ ಕನ್ನಡಕ ಒರೆಸಿಕೊಂಡರು.

"ನಮ್ಮ ರಿಪೋರ್ಟ್ ತಪ್ಪಿಲ್ಲ ಸವಿತಾ. ಆ ರಕ್ತದಾಗ ಇರಲಿಲ್ಲ, ಇಲ್ಲ ಅಂತ ಕೊಟ್ಟೇವಿ."

"ಟೈಮ್ ತಪ್ಪದರಿ ಸರ್."

"ಟೈಮ್ ಯಾರು ನೋಡ್ತಾರ?"

"ಡಾಕ್ಟರ್ ನೋಡ್ಯಾರ್ರೀ. ನೋಡಿ ಆಸಿಡಿಟಿ ಅಂತ ಕಳಿಸ್ಯಾರ."

"ಹಂಗಾರ ನೀ ಯಾಕ ಷರಾ ಬರೀಲಿಲ್ಲ? ಮನುಷ್ಯಾ ನಿನ್ನ ಮನಿಯಂವಾ. ನೋವು ಯಾವಾಗ ಬಂತು ನಿನಗ ಗೊತ್ತು, ರಕ್ತ ಯಾವಾಗ ತಗದಿ ನಿನಗ ಗೊತ್ತು. ನಿಮ್ಮ ಮನಿ ಜಗಳಾ ನನ್ನ ಲ್ಯಾಬಿಗೆ ತರಬ್ಯಾಡ."

ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರ ಮೇಲೆ ಅಷ್ಟು ಕೋಪ ಯಾಕೆಂದರೆ, ಷರಾದ ಮಾತು ನಿಜವಾಗಿತ್ತು. ಮರುದಿನದಿಂದ ಪ್ರತಿ ಟ್ಯೂಬಿನ ಮೇಲೂ ಮಾರ್ಕರಿನಲ್ಲಿ ದಪ್ಪವಾಗಿ ಸಮಯ ಬರೆದೆ, ಷರಾ ಖಾನೆಯಲ್ಲೂ ತುಂಬಿದೆ. ರಿಪೋರ್ಟಿಗೆ ಆರು ತಾಸು ಯಾಕೆ ಎಂದು ಜನ ಕೇಳತೊಡಗಿದರು. ದೀಪಾವಳಿಗೆ ಮುಂಚೆ ಸರ್ ನನ್ನನ್ನು ಕಳಿಸಿದರು. ಅದೇ ವಾರ ಜೋಗೇಶ್ವರಿಯನ್ನೂ ಬಿಟ್ಟೆ. ಹೊರಡುವಾಗ ಮಾಮಾ ಕಿಟಕಿಯ ಬಳಿ ಕೂತಿದ್ದ, ತಿರುಗಲಿಲ್ಲ. ನಾನೂ ಹೋಗಿಬರುತ್ತೇನೆ ಅನ್ನಲಿಲ್ಲ. ಆಮೇಲೆ ಅಕ್ಕ ನನ್ನನ್ನು ನೋಡಲು ಬರುತ್ತಿದ್ದಳು, ಅವನು ಬರಲಿಲ್ಲ.

ಕೇಳಿದವರಿಗೆಲ್ಲ ಕತೆಯನ್ನು ಇಲ್ಲಿಗೇ ಮುಗಿಸುತ್ತಿದ್ದೆ. ಲ್ಯಾಬಿನವನ ಮೋಸ, ಮಾಮಾನ ಹಟ, ನನ್ನ ಮಾತು ಯಾರೂ ಕೇಳಲಿಲ್ಲ. ಕೇಳಿದವರು ಲೊಚಗುಟ್ಟುತ್ತಿದ್ದರು.

ಉಳಿದದ್ದು ಹೀಗಿದೆ. ಆರೂ ಇಪ್ಪತ್ತೈದಕ್ಕೆ ನಾನು ಸೂಜಿ ಹೊರಗೆ ತೆಗೆಯುತ್ತಿದ್ದಾಗ ಬಾಗಿಲಾಚೆಯ ಗ್ಯಾಲರಿಯಲ್ಲಿ ಯಾರೋ ನೀರು ಬಂತು ಎಂದು ಕೂಗಿದರು. ಅಕ್ಕ ಕೊಡ ಎತ್ತಿಕೊಂಡು ನಳಕ್ಕೆ ಓಡಿದಳು. ಓಡಿದ್ದನ್ನು ನಾನು ನೋಡಿದೆ. ಕೊಡಕ್ಕೆ ನೀರು ಬೀಳುವ ಸದ್ದು ಬಾಗಿಲಲ್ಲೇ ಕೇಳುತ್ತಿತ್ತು. ಅವಳು ಬರಲಿ ಎಂದು ಎರಡು ನಿಮಿಷ ಕಾಯಬಹುದಿತ್ತು, ಅಥವಾ ಎರಡು ಮೊಳ ದೂರದಲ್ಲಿದ್ದ ಮನುಷ್ಯನಿಗೆ ನೇರ ಹೇಳಬಹುದಿತ್ತು. ನಾನು ಖಾಲಿ ಬಾಗಿಲಿನ ಕಡೆ ನೋಡಿಕೊಂಡು, ಹತ್ತಕ್ಕ ಬರಬೇಕು ಅಂತ ಹೇಳು, ಎಂದೆ. ಯಾರಿಗೂ ಹೇಳದ ಹಾಗೆ ಹೇಳಿದೆ. ಅವನು ಕೇಳಿಸಿಕೊಂಡ, ನನಗೆ ಗೊತ್ತು. ಅವನು ಅದನ್ನು ಕೇಳಿಸಿಕೊಂಡಿಲ್ಲ ಎಂದು ಇಟ್ಟುಕೊಳ್ಳುತ್ತಾನೆ ಎಂಬುದೂ ನನಗೆ ಗೊತ್ತಿತ್ತು. ಛತ್ರಿಯ ವಿಷಯದಲ್ಲಿ ನಾನೇ ಹಾಗೆ ಮಾಡಿದ್ದೆನಲ್ಲ.

ಕಳೆದ ವಾರ ಅಂಗಡಿಯ ಸ್ಟೂಲಿನ ಮೇಲೇ ಅವನಿಗೆ ಎದೆ ಹಿಡಿದು, ಅಂಗಡಿಯವರು ನಮ್ಮ ಎಮರ್ಜೆನ್ಸಿಗೆ ತಂದಿದ್ದರು. ಅಕ್ಕ ಜೋಗೇಶ್ವರಿಯಿಂದ ರಿಕ್ಷಾ ಹಿಡಿದು ಬಂದಳು. ಹತ್ತೂ ನಲವತ್ತಕ್ಕೆ ಮೊದಲ ರಕ್ತ ತೆಗೆದಿದ್ದರು; ಟ್ಯೂಬಿನ ಮೇಲೂ ರಿಪೋರ್ಟಿನ ಮೇಲೂ ಅದೇ ಸಮಯ. ಈಗಿನ ಟೆಸ್ಟು ಹಳೆಯದರ ಹಾಗಲ್ಲ, ಬಹಳ ಚುರುಕು. ಆದರೂ ಒಂದೇ ಸಲದ್ದನ್ನು ನಂಬುವಂತಿಲ್ಲ. ಅವನ ಹಾಳಾದ ಹೃದಯಕ್ಕೆ ಯಾವಾಗಲೂ ಇರುವಷ್ಟು ಟ್ರೋಪೊನಿನ್ ಮಾತ್ರ ಮೊದಲನೆಯದರಲ್ಲಿತ್ತು. ಅದು ಅಷ್ಟೇ ಇದೆಯೋ ಏರುತ್ತಿದೆಯೋ ಎಂಬುದು ಒಂದೂ ನಲವತ್ತರ ರಕ್ತಕ್ಕೆ ಮಾತ್ರ ಗೊತ್ತು. ಡ್ಯೂಟಿ ಡಾಕ್ಟರು ಇದನ್ನೆಲ್ಲ ಹೇಳಿಯೇ ಹೋಗಿದ್ದರು. ಮಾಮಾನ ಕಿವಿಗೆ ಬಿದ್ದದ್ದು, ಹೊಸದೇನೂ ಇಲ್ಲ ಎಂಬುದಷ್ಟೇ.

ನಾನು ಹೋದಾಗ ಅವನು ಎದ್ದು ಕೂತು ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದ. ಎದೆಗೆ ಅಂಟಿಸಿದ್ದ ವೈರುಗಳಲ್ಲಿ ಎರಡನ್ನು ಆಗಲೇ ಕಿತ್ತಿದ್ದ. ಕೂದಲೆಲ್ಲ ಬೆಳ್ಳಗಾಗಿತ್ತು, ಪಾದ ಬಾತಿದ್ದವು. ನನ್ನನ್ನು ನೋಡಿ ತಕ್ಷಣ ಸುತ್ತ ಅಕ್ಕನನ್ನು ಹುಡುಕಿದ. ಅಕ್ಕ ಕೆಳಗೆ ಔಷಧಿ ತರಲು ಹೋಗಿದ್ದಳು.

ನನಗೆ ಕರುಣೆ ಬರಲಿಲ್ಲ. ಇವನು ಹೀಗೇ ಎದ್ದು ಹೋಗಿ ಇನ್ನೆಲ್ಲೋ ಬಿದ್ದು, ಅದನ್ನೂ ನನ್ನ ತಲೆಗೆ ಕಟ್ಟುತ್ತಾನಲ್ಲ ಎಂದು ಸಿಟ್ಟು ಬಂತು. ಅಕ್ಕ ಬರುವ ತನಕ ಕಾಯಬಹುದಿತ್ತು. ಕಾಯಲಿಲ್ಲ. ಮಂಚದ ಆ ಕಡೆ ಹೋಗಿ ಅವನ ಮುಖದೆದುರು ನಿಂತೆ.

"ಮಾಮಾ, ನಾ ನಿಮಗಽ ಹೇಳ್ಲಕತ್ತೀನಿ. ಒಂದು ನಲವತ್ತಕ್ಕ ಮತ್ತೊಮ್ಮಿ ರಕ್ತ ತಗೀಬೇಕು. ಮೊದಲಿಂದು ಸಾಲಂಗಿಲ್ಲ. ಅಲ್ಲೀ ತನಕ ಏಳಬ್ಯಾಡ್ರಿ."

ಅವನು ಮುಖ ಗೋಡೆಗೆ ತಿರುಗಿಸಿದ. ನಾನು ಆ ಕಡೆಗೂ ಹೋಗಿ ನಿಂತೆ, ಗೋಡೆಗೆ ಬೆನ್ನು ಹಚ್ಚಿ.

"ಆವತ್ತೂ ನಿಮಗಽ ಹೇಳ್ಬೇಕಿತ್ತು. ಹೇಳ್ಲಿಲ್ಲ. ಅಕ್ಕ ನೀರಿಗಿ ಹೋಗಿದ್ದು ನನಗ ಗೊತ್ತಿತ್ತು."

ಅವನು ಕಣ್ಣು ಮುಚ್ಚಿಕೊಂಡ. ಅವನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು. ನಾನು ಕಿತ್ತುಹೋದ ವೈರುಗಳನ್ನು ಮತ್ತೆ ಅಂಟಿಸಿದೆ, ಅವನು ತಡೆಯಲಿಲ್ಲ. ಅಷ್ಟರಲ್ಲಿ ಅಕ್ಕ ಔಷಧಿಯ ಚೀಲ ಹಿಡಿದು ಏದುಸಿರು ಬಿಡುತ್ತ ಬಂದಳು. ನಾವಿಬ್ಬರೂ 'ಮಾತು ಬಿಟ್ಟವರು' ಅಷ್ಟು ಹತ್ತಿರ ಇರುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

ಮಾಮಾ ಕಣ್ಣು ತೆರೆದ. ಸಿಕ್ಕಿದ್ದ ಒಂದು ಚಪ್ಪಲಿಯನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದ. ನಿಧಾನಕ್ಕೆ ದಿಂಬಿಗೆ ಒರಗಿ, ನನ್ನನ್ನು ದಾಟಿ ಅಕ್ಕನನ್ನು ನೋಡಿದ.

"ಕೇಳಿಸ್ತು ಅಂತ ಹೇಳು ಆಕೀಗಿ."

ಅಕ್ಕ ಚೀಲವನ್ನು ಎದೆಗವಚಿಕೊಂಡು ನನ್ನ ಕಡೆ ತಿರುಗಿದಳು.

"ಕೇಳಿಸ್ತಂತವಾ," ಎಂದಳು.